ಆಯ್ತಪ್ಪನ ನಿಧಾನದ ಅಂಟು

ಆ ಬಡಗಿಯ ನಿಜವಾದ ಹೆಸರು ಅವನ ಮನೆಯವರಿಗೂ ಥಟ್ಟನೆ ನೆನಪಾಗುವುದಿಲ್ಲ. ಬೀದಿಗೆಲ್ಲ ಅವನು ಆಯ್ತಪ್ಪ. ಗಿರಾಕಿ ಬಾಯಿ ತೆರೆದು ತನಗೆ ಏನು ಬೇಕೆಂದು ಹೇಳಿ ಮುಗಿಸುವ ಮೊದಲೇ ಇವನು "ಆಯ್ತು" ಎಂದು ಮರ ಅಳೆಯಲು ಹೊರಟಿರುತ್ತಾನೆ. ಹೀಗಾಗಿ ಬಾಗಿಲು ಕೇಳಿದ ಮನೆಗೆ ಒಮ್ಮೆ ಬೀರು ಹೋಗಿ ನಿಂತಿತ್ತು. ಆ ಮನೆಯವರು ಸಂಕೋಚದ ಜನ. ಬೀರುವನ್ನು ಇಟ್ಟುಕೊಂಡು ಬಾಗಿಲಿಗೆ ಪರದೆ ಕಟ್ಟಿಕೊಂಡರು.

ಇಂಥವನು ಬಳಸುವ ಅಂಟು ಎಂಥದ್ದಿರಬೇಕೋ ಅಂಥದ್ದೇ ಇತ್ತು. ಹಚ್ಚಿದ ಕೂಡಲೇ ಗಪ್ಪನೆ ಹಿಡಿಯುವ ಬಿಳಿ ಅಂಟು. ಹಚ್ಚು, ಸೇರಿಸು, ಕೊಡತಿಯಲ್ಲಿ ಬಡಿ, ಮುಂದಿನ ಕೆಲಸಕ್ಕೆ ನಡೆ. ಹಿಡಿಯಲು ಹೊತ್ತು ತೆಗೆದುಕೊಳ್ಳುವ ಅಂಟು ಸೋಮಾರಿಗಳಿಗಾಗಿ ಮಾಡಿದ್ದು ಎಂಬುದು ಅವನ ಸಿದ್ಧಾಂತ. ಸೋಮಾರಿ ಎಂದ ಕೂಡಲೇ ಅವನಿಗೆ ನೆನಪಾಗುತ್ತಿದ್ದದ್ದು ಅಕ್ಕನ ಗಂಡ, ಅಂದರೆ ಭಾವ. ಭಾವ ಕೈಗಡಿಯಾರ ರಿಪೇರಿ ಮಾಡುವವರು. ಒಂದು ಲೋಟ ಚಹಾ ಕುಡಿದು ಮುಗಿಸುವುದರೊಳಗೆ ಅದನ್ನು ಎರಡು ಸಲ ಬಿಸಿ ಮಾಡಿಸಿಕೊಳ್ಳುತ್ತಿದ್ದರು. ಊರಿನವರ ಹೊತ್ತನ್ನೆಲ್ಲ ಸರಿಮಾಡುವ ಈ ಮನುಷ್ಯನಿಗೆ ಸ್ವಂತದ್ದೊಂದು ಹೊತ್ತು ಗೊತ್ತು ಇಲ್ಲವಲ್ಲ ಎಂದು ಆಯ್ತಪ್ಪ ಹಲ್ಲು ಕಡಿಯುತ್ತಿದ್ದ. ಇಬ್ಬರೂ ಒಂದೇ ಅಂಗಳದವರು. ಮುಂದೆ ಅಕ್ಕ-ಭಾವನ ಮನೆ, ಹಿಂದೆ ಆಯ್ತಪ್ಪನ ಕೊಟ್ಟಿಗೆಯಂಥ ಕಾರ್ಖಾನೆ.

ಅಕ್ಕ ಅವನನ್ನು ಸಾಕಿದವಳು. ಅಮ್ಮ ತೀರಿಕೊಂಡ ಮೇಲೆ ಅವನ ಮೂಗು ಒರೆಸಿದ್ದೂ ಕಿವಿ ಹಿಂಡಿದ್ದೂ ಅವಳೇ. ಹೋದ ವರ್ಷ ಅಟ್ಟದ ಡಬ್ಬಿಗೆ ಕೈ ಹಾಕಲು ಸ್ಟೂಲು ಹತ್ತಿ ಬಿದ್ದಳು. ಮುರಿದ ಬೆನ್ನು ಕೂಡಿಕೊಂಡಿತು, ಆದರೆ ಎಡಕ್ಕೆ ವಾಲಿಕೊಂಡೇ ಕೂಡಿತು. ಕೋಲೂರಿ ನಾಲ್ಕು ಹೆಜ್ಜೆ ನಡೆಯಬಲ್ಲಳು, ಮಲಗಬಲ್ಲಳು. ಕೂರುವುದೇ ಆಗದು. ಯಾವ ಕುರ್ಚಿಯಲ್ಲಿ ಕೂತರೂ ಸ್ವಲ್ಪ ಹೊತ್ತಿಗೇ ನೋವು ತಾಳಲಾರದೆ ಮತ್ತೆ ಹಾಸಿಗೆ ಸೇರುತ್ತಿದ್ದಳು. ಊಟವೂ ಅಲ್ಲೇ, ಗೋಡೆ ನೋಡಿಕೊಂಡು. ಅಡುಗೆಮನೆ ಭಾವನ ಕೈಗೆ ಹೋಯಿತು. ಅಲ್ಲಿಂದ ಬರುತ್ತಿದ್ದ ಅಡುಗೆಯನ್ನು ತಿಂದು ಮನೆಮಂದಿ ಬದುಕುಳಿದದ್ದು ಅವರ ಗಟ್ಟಿ ಜೀವದಿಂದ.

"ಮಲಗಿಕೊಂಡು ಬೈದರೆ ಯಾರೂ ಹೆದರಲ್ಲ ಕಣೋ," ಎಂದಳು ಅಕ್ಕ ಒಂದು ದಿನ. "ನಾನು ಅಡುಗೆಮನೇಲಿ ಕೂರೋ ಹಾಗೆ ಒಂದು ಕುರ್ಚಿ ಮಾಡಿಕೊಡು."

ಅವನು ಆಯ್ತು ಎಂದ. ಹಾಗೆಂದ ಮೇಲೆ ಜೀವಮಾನದಲ್ಲಿ ಮೊದಲ ಸಲ ಅವನಿಗೆ ಹೆದರಿಕೆಯಾಯಿತು.

ಅವಳನ್ನು ಕೂರಿಸಿ ಅಳತೆ ತೆಗೆಯಲು ಅವನಿಗೆ ಮನಸ್ಸು ಬರಲಿಲ್ಲ. ಅವಳ ಬೆನ್ನು ವಾಲಿದೆ ಎಂಬ ಮಾತನ್ನೇ ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಅವಳು ಬಚ್ಚಲಿಗೆ ಹೋದ ಹೊತ್ತು ನೋಡಿ ಕಳ್ಳನ ಹಾಗೆ ಒಳಗೆ ನುಗ್ಗಿ, ಹಾಸಿಗೆಯಲ್ಲಿ ಅವಳ ಮೈಭಾರಕ್ಕೆ ಬಿದ್ದಿದ್ದ ಗುಳಿಯನ್ನು ಅಳೆದುಕೊಂಡು ಬಂದ. ಆ ಗುಳಿಯಂತೆ ಕುರ್ಚಿಯ ಬೆನ್ನಿನ ಕಡ್ಡಿಗಳನ್ನು ಒಂದೊಂದನ್ನೂ ಹಬೆಯಲ್ಲಿಟ್ಟು ಬಗ್ಗಿಸಿದ. ಒಂದರ ಬಾಗು ಇನ್ನೊಂದಕ್ಕಿಲ್ಲ. ಕಾಲು, ಕೂರುಹಲಗೆಗಳನ್ನು ಕೂಡಿಸಿ ಗಟ್ಟಿ ಮಾಡಿದ್ದಾಯಿತು. ಉಳಿದದ್ದು ಬೆನ್ನು. ಕಡ್ಡಿಗಳ ಬುಡ ಹಲಗೆಯ ತೂತುಗಳಿಗೆ, ತುದಿ ಮೇಲೆ ಅಡ್ಡಕ್ಕೆ ಕೂರುವ ಕಮಾನಿನ ತೂತುಗಳಿಗೆ ಇಳಿಯಬೇಕು. ಎಲ್ಲವೂ ಒಟ್ಟಿಗೇ ಇಳಿಯಬೇಕು. ಒಂದು ಮೊದಲೇ ಬಿಗಿದುಕೊಂಡರೆ ಮಿಕ್ಕವು ದಾರಿ ತಪ್ಪುತ್ತವೆ.

ಅವನ ಬಿಳಿ ಅಂಟಿಗೆ ಇದೆಲ್ಲ ಯಾರು ಹೇಳಬೇಕು? ಕೊನೆಯ ಕಡ್ಡಿಗೆ ಹಚ್ಚುವ ಹೊತ್ತಿಗೆ ಮೊದಲ ಕಡ್ಡಿ ಕಚ್ಚಿಕೊಂಡು ಕೂತಿತ್ತು. ಬಡಿದ, ಎಳೆದ, ಅಂಟಿನ ಡಬ್ಬಿಯ ತಾಯಿತಂದೆಯರನ್ನೆಲ್ಲ ನೆನೆದ. ಕಮಾನು ಸೀಳಿಹೋಯಿತು.

ಅವನು ಬೇರೆ ಅಂಟು ಕೇಳಿಕೊಂಡು ಬಂದದ್ದು ಕಂಡು ಅಂಟು ಮಾರುವ ಅಂಗಡಿಯಾಕೆಗೆ ಈ ದಿನಕ್ಕಾಗಿಯೇ ಕಾದಿದ್ದ ಹಾಗೆ ಖುಷಿಯಾಯಿತು. ಎಷ್ಟು ತೂತು, ಎಷ್ಟು ಜನ ಹಿಡಿಯುವವರು, ಕೆಲಸದ ಜಾಗ ಸೆಕೆಯೋ ತಂಪೋ ಎಂದೆಲ್ಲ ವಿಚಾರಿಸಿದಳು. ಇವನು ಒಂದಕ್ಕೂ ಪೂರ್ತಿ ಕಿವಿಗೊಡಲಿಲ್ಲ. ಕೊನೆಗೆ ಎರಡು ಡಬ್ಬಿಗಳನ್ನು ಮುಂದಿಟ್ಟು, ಇವೆರಡನ್ನೂ ಬೆರೆಸಿದ ಮೇಲೆಯೇ ಇದು ಹಿಡಿಯಲು ಶುರುವಾಗುವುದು, ಅದೂ ಬಲು ನಿಧಾನ, ಜಾರಿಸಲು ತಿದ್ದಲು ಬೇಕಾದಷ್ಟು ಹೊತ್ತು ಸಿಗುತ್ತದೆ, ತೂತು ಕೊಂಚ ಸಡಿಲವಿದ್ದರೂ ತುಂಬಿಕೊಳ್ಳುತ್ತದೆ ಎಂದಳು. ಬೆರೆಸುವುದು ಹೇಗೆಂದು ಅವಳು ಹೇಳಲು ಬಾಯಿ ತೆರೆದಾಗ ಇವನು ಆಯ್ತು ಎಂದು ಮೆಟ್ಟಿಲಿಳಿದಿದ್ದ.

ಮನೆಗೆ ಬಂದು ಕಡ್ಡಿ, ಕಮಾನುಗಳನ್ನು ಹೊಸದಾಗಿ ಮಾಡಿಕೊಂಡು, ಚಹಾದ ಲೋಟದಲ್ಲಿ ಅಂಟನ್ನು ಕಂಠಮಟ್ಟ ಬೆರೆಸಿದ. ಆ ಅಂಟಿಗೆ ಒಂದು ಗುಣವಿದೆ. ಗುಡ್ಡೆಯಾಗಿ ಇಟ್ಟರೆ ಒಳಗೊಳಗೇ ಬಿಸಿಯಾಗಿ ಬೇಗ ಗಟ್ಟಿಯಾಗುತ್ತದೆ, ತೆಳ್ಳಗೆ ಹರಡಿದರೆ ತಣ್ಣಗಿದ್ದು ಕಾಯುತ್ತದೆ. ಲೋಟ ಹೊಗೆಯಾಡಿತು. ಅಂಟು ಕಲ್ಲಾಯಿತು. ಅದರಲ್ಲಿ ಸಿಕ್ಕಿಕೊಂಡ ಕುಂಚವನ್ನು ಹಿಡಿದೆತ್ತಿದರೆ ಲೋಟವೂ ಜೊತೆಗೇ ಎದ್ದು ಬಂತು. ತೂತಿಗಿಳಿಸಿದ್ದ ಕಡ್ಡಿಗಳನ್ನು ಕಿತ್ತು ತೆಗೆಯುವಾಗ ಎರಡು ಮುರಿದವು. ಒಣಗಿಸಿಟ್ಟ ಮರದಲ್ಲಿ ಇನ್ನೊಂದು ಬೆನ್ನಿಗಾಗುವಷ್ಟೇ ಉಳಿದಿತ್ತು. ಇದೂ ಕೆಟ್ಟರೆ ಅಕ್ಕನಿಗೆ ಗೋಡೆಯೇ ಗತಿ ಎಂದು ಯೋಚಿಸಿ ಅವನು ಅಂದು ಊಟ ಬಿಟ್ಟ. ಭಾವನ ಅಡುಗೆಯಾದ್ದರಿಂದ ಅದು ದೊಡ್ಡ ತ್ಯಾಗವೇನೂ ಅಲ್ಲ.

ಮುಂದಿನ ಸಲ ಅಂಗಡಿಯಾಕೆಯ ಮಾತನ್ನು ಪೂರ್ತಿ ಕೇಳಿಸಿಕೊಂಡ. ಆಕೆ ಅವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು. ಅಗಲವಾದ ತಟ್ಟೆ ಬೇಕು, ತಣ್ಣನೆಯ ಬೆಳಗಿನ ಹೊತ್ತು ಬೇಕು, ಇನ್ನೆರಡು ಕೈ ಬೇಕು ಎಂದಳು. ಉಳಿದ ಮರದಲ್ಲಿ ಹೊಸ ಬೆನ್ನು ತಯಾರಾಯಿತು, ತಟ್ಟೆ ಸಿಕ್ಕಿತು, ಬೆಳಗೂ ಬಂತು. ಕೈ ಎಂದರೆ ಭಾವನದೇ ಇದ್ದದ್ದು.

ಆ ಕೈಗಳು ಮಾತ್ರ ಚಿನ್ನ ಎಂದು ಒಪ್ಪಲೇಬೇಕಾಯಿತು. ಭಾವ ಒಂದೊಂದು ಕಡ್ಡಿಯನ್ನೂ ಗಡಿಯಾರದ ಮುಳ್ಳು ಕೂರಿಸುವಷ್ಟು ನಾಜೂಕಾಗಿ ಇಳಿಸಿದರು. ಎಲ್ಲ ಇಳಿದವು. ಕಮಾನು ಮೇಲೆ ಕೂತಿತು. ಅಂಟು ಇನ್ನೂ ಜಾರುತ್ತಲೇ ಇತ್ತು. ಆಗ ಶುರುವಾಯಿತು ತರಲೆ. ಆಯ್ತಪ್ಪ ಬಿಗಿದು ಹಿಡಿಯುವ ಕ್ಲಾಂಪು ತರಲು ತಿರುಗಿದರೆ ಭಾವ ಕಮಾನನ್ನು ಮೆಲ್ಲಗೆ ಬಲಕ್ಕೆ ತಳ್ಳಿ ನೇರ ಮಾಡುತ್ತಿದ್ದರು. ಇವನು ಬಂದು ಎಡಕ್ಕೆ ಎಳೆಯುತ್ತಿದ್ದ. ಮತ್ತೆ ತಿರುಗಿದರೆ ಮತ್ತೆ ನೇರ. ಹಾಸಿಗೆಯ ಗುಳಿ ಹೀಗಿದೆ ಎಂದು ಇವನ ವಾದ. ಮದುವೆಯ ಫೋಟೋದಲ್ಲಿ ಅವಳು ಕೂತಿರುವುದು ನೋಡು, ಬೆನ್ನು ನೂಲು ಹಿಡಿದ ಹಾಗಿದೆ ಎಂದು ಅವರ ವಾದ. ಜಗಳ ಅಂಗಳ ದಾಟಿ ಮನೆಯೊಳಗೆ ಕೇಳಿಸಿತು.

ಅಕ್ಕ ಹಿತ್ತಿಲ ಬಾಗಿಲಲ್ಲಿ ಕಾಣಿಸಿಕೊಂಡಳು. ಯಾರೂ ಬಂದು ನನ್ನನ್ನು ಹಿಡಿಯಕೂಡದು, ಆ ಕುರ್ಚಿಯನ್ನೇ ಹಿಡಿದುಕೊಂಡಿರಿ ಎಂದು ಕೋಲೆತ್ತಿ ತಾಕೀತು ಮಾಡಿದಳು. ಒಂದು ಹೆಜ್ಜೆ ಇಟ್ಟಳು, ನಿಂತಳು, ಉಸಿರು ತೆಗೆದುಕೊಂಡಳು. ಆಯ್ತಪ್ಪ ತಟ್ಟೆಯ ಅಂಟನ್ನು ಬೆರಳಿನಲ್ಲಿ ಮುಟ್ಟಿ ನೋಡಿದ. ಎಳೆ ಬರುತ್ತಿತ್ತು. ಅವಳು ಬಟ್ಟೆ ಒಗೆಯುವ ಕಲ್ಲಿನ ತನಕ ಬಂದಳು. ಮತ್ತೆ ಮುಟ್ಟಿದ, ಎಳೆ ದಪ್ಪಗಾಗಿತ್ತು. ಅವನಿಗೆ ಓಡಿಹೋಗಿ ಅವಳನ್ನು ಎತ್ತಿಕೊಂಡು ಬರುವಷ್ಟು ಆತುರ. ಕೈ ಬಿಟ್ಟರೆ ಕಮಾನು ಜಾರುತ್ತದೆ. ನಿಧಾನದ ಅಂಟೇ, ಇನ್ನೂ ಸ್ವಲ್ಪ ನಿಧಾನ ಮಾಡು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಇಂಥ ಮಾತು ತನ್ನ ಮನಸ್ಸಿನಲ್ಲಿ ಹುಟ್ಟಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಅವಳು ಬಂದಳು. ಕಡ್ಡಿಗಳ ಮೇಲೆ ಹಳೆಯ ದುಪ್ಪಟಿ ಹೊದಿಸಿಕೊಂಡು ಕೂತಳು, ಒರಗಿದಳು. ಕಡ್ಡಿಗಳು ತೂತಿನೊಳಗೆ ಮೆಲ್ಲಗೆ ಸರಿದವು. ಇಲ್ಲಿ ಬಿಡು, ಇಲ್ಲಿ ಒತ್ತು ಎಂದು ಹೇಳುತ್ತ ಹೋದಳು, ಇಬ್ಬರೂ ತೆಪ್ಪಗೆ ಮಾಡಿದರು. ಕಮಾನು ನಿಂತದ್ದು ಗುಳಿಯಂತೆಯೂ ಅಲ್ಲ, ಫೋಟೋದಂತೆಯೂ ಅಲ್ಲ.

"ಇವನು ಹಾಸಿಗೇನ ಕೇಳಿದ, ನೀವು ಫೋಟೋನ ಕೇಳಿದ್ರಿ," ಎಂದಳು ಅಕ್ಕ. "ನನ್ನ ಕೇಳೋಕೆ ಏನಾಗಿತ್ತು?"

ಭಾವ ಕಮಾನಿನ ಮೇಲಿಂದ ಕಣ್ಣೆತ್ತದೆ ಹೇಳಿದರು, "ಕೇಳಿದ್ರೆ, ಇನ್ನು ನೆಟ್ಟಗಾಗಲ್ಲ ಅಂತ ನೀನು ಹೇಳಿಬಿಡ್ತೀಯಲ್ಲ ಅಂತ."

"ಆಗಲ್ಲ," ಎಂದಳು ಅಕ್ಕ. "ಕೂತ್ಕೋತೀನಿ. ಅದಾಗತ್ತೆ."

ಭಾವನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಆಯ್ತಪ್ಪ ಒಂದು ಕೈಯಲ್ಲಿ ಕ್ಲಾಂಪು ಬಿಗಿಯುತ್ತಾ, ಮೊಣಕೈಯಿಂದ ಭಾವನ ಕೆನ್ನೆ ಒರೆಸಿದ. ಬೇರೆ ಕುರ್ಚಿಯಾಗಿದ್ದರೆ ಇಷ್ಟು ಹೊತ್ತಿಗೆ ಅಕ್ಕ ನರಳುತ್ತಿದ್ದಳು. ಈಗ ಸುಮ್ಮನೆ ಅಂಗಳ ನೋಡುತ್ತಾ ಕೂತಿದ್ದಳು. ಅಷ್ಟರಲ್ಲಿ ಅಡುಗೆಮನೆಯ ಕಡೆಯಿಂದ ಸೀದ ವಾಸನೆ ಬಂತು. ಭಾವ ಅನ್ನಕ್ಕಿಟ್ಟು ಬಂದಿದ್ದರು. ಇಬ್ಬರೂ ಓಡಲು ಹೊರಟವರು ಅಕ್ಕನ ಮುಖ ನೋಡಿದರು.

"ಸೀಯಲಿ," ಎಂದಳು ಅಕ್ಕ. "ಕೈ ತೆಗೀಬೇಡಿ."

ಯಾರೂ ತೆಗೆಯಲಿಲ್ಲ.