ಅಡಿಗೆಮನೆಯ ಗೋಡೆಯ ಸ್ಟಾಕ್‌ಹೋಮ್

ಡಿಸೆಂಬರ್ ನಡುವಿನಲ್ಲಿ ಇಬ್ಬರೂ ಹೊರಟೆವು. ಲಕ್ಷ್ಮೇಶ್ವರದಿಂದ ಬಸ್ಸಿಗೆ ಹುಬ್ಬಳ್ಳಿ, ರೈಲಿಗೆ ಬೆಂಗಳೂರು, ಮುಂದೆ ಎರಡು ವಿಮಾನ. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ. ಗದಗಿನ ಅರಿವೆ ಅಂಗಡಿಯವರು ಎಂದೋ ಕೊಟ್ಟ ಕ್ಯಾಲೆಂಡರಿನಲ್ಲಿ ಸ್ಟಾಕ್‌ಹೋಮ್ ಊರಿನ ಚಿತ್ರವಿತ್ತು. ಬಿಸಿಲು, ನೀರು, ದಂಡೆಗೆ ಅರಿಶಿಣ ಬಣ್ಣದ ಮನೆಗಳು, ಹಂಸಗಳು. ವರ್ಷ ಮುಗಿದರೂ ನನ್ನ ಹೆಂಡತಿ ಗಿರಿಜಾ ಅದನ್ನು ಅಡಿಗೆಮನೆಯ ಗೋಡೆಯಿಂದ ತೆಗೆದಿರಲಿಲ್ಲ. ಈಗ ಆಕೆಯ ದೃಷ್ಟಿ ಹೋಗುತ್ತಿದೆ. ಮಬ್ಬಿನಲ್ಲಿ ಏನೂ ಕಾಣದು, ಒಳ್ಳೆ ಬಿಸಿಲಿರಬೇಕು. ಉಳಿದಷ್ಟು ದೃಷ್ಟಿಯೂ ಬೇಸಿಗೆ ದಾಟುವುದು ಅನುಮಾನ ಎಂದಿದ್ದರು ಡಾಕ್ಟರು. ಅಷ್ಟರೊಳಗೆ ಆ ಊರು ತೋರಿಸಬೇಕೆಂದು ಹಟ ಹಿಡಿದೆ.

ನಮ್ಮ ಕಡೆ ಪ್ರವಾಸವೆಂದರೆ ಡಿಸೆಂಬರ್. ಮಳೆ ಮುಗಿದು ಆಕಾಶ ಸ್ವಚ್ಛ, ಶಾಲೆ ಮಕ್ಕಳೂ ಹೊರಡುವುದು ಆಗಲೇ. ಟಿಕೆಟ್ಟು ಅರ್ಧ ದರಕ್ಕೆ ಸಿಕ್ಕಾಗ ನನ್ನಂಥ ಶಾಣ್ಯಾ ಯಾರೂ ಇಲ್ಲ ಎಂದುಕೊಂಡೆ. ಚಳಿಯ ಬಗ್ಗೆ ಹತ್ತು ಮಂದಿಯನ್ನು ಕೇಳಿದೆ. ಹೊತ್ತು ಎಷ್ಟಕ್ಕೆ ಮುಳುಗುತ್ತದೆ ಎಂದು ಕೇಳಿಕೊಂಡು ಯಾರಾದರೂ ಊರಿಗೆ ಹೋಗುತ್ತಾರೇನು?

ಮೊದಲ ದಿನ ಏಳಕ್ಕೆ ಸ್ನಾನ ಮುಗಿಸಿ ಕಿಟಕಿಯ ಮುಂದೆ ಕುಳಿತೆವು. ಬೆಳಕು ಹರಿದದ್ದು ಒಂಬತ್ತಕ್ಕೆ. ಅದೂ ಬೆಳಕೇ? ಮೋಡ, ಜಿಟಿಜಿಟಿ ಮಳೆ. ನೀರಿನ ದಂಡೆಗೆ ಹೋಗಿ ನಿಂತಾಗ, ಮಧ್ಯಾಹ್ನ ಎರಡೂವರೆಗೆ, ಬೀದಿದೀಪ ಹತ್ತಿದವು. ದೀಪ ಹತ್ತಿದ ಕೂಡಲೇ ಮನೆಯಲ್ಲಿ ಮಾಡುವಂತೆ ಗಿರಿಜಾ ಕೈ ಮುಗಿದಳು.

“ಸಂಜಿ ಆತೇನ್ರಿ?”

ಮೋಡ ಕವಿದಿದೆ, ನಾಳೆ ಬಿಸಿಲು ಬೀಳುತ್ತದೆ ಎಂದೆ. ಕಾಫಿ ಅಂಗಡಿಯ ಹೆಂಗಸನ್ನು ಕೇಳಿದರೆ ಫೆಬ್ರುವರಿಯವರೆಗೂ ಹೀಗೇ ಎಂದು ನಕ್ಕಳು. ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ಮರುದಿನವೂ ಮೋಡ. ಮೂರನೆಯ ದಿನವೂ. ಅರಮನೆ, ಚರ್ಚು, ಸೇತುವೆ, ಎಲ್ಲ ಕಡೆ ಆಕೆ ನನ್ನ ಮೊಣಕೈ ಹಿಡಿದು ನಡೆದಳು. ಒಮ್ಮೆ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಾಲ್ಕನೆಯ ದಿನ ಅದೇ ದಂಡೆಯಲ್ಲಿ, “ಮನಿ ಯಾವ ಬಣ್ಣ ಅದಾವ್ರಿ?” ಎಂದು ಕೇಳಿದಳು. ನನಗೂ ಸರಿಯಾಗಿ ಕಾಣುತ್ತಿರಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರನ್ನು ನೆನೆಸಿಕೊಂಡು ಹೇಳುತ್ತ ಹೋದೆ. ಅರಿಶಿಣ ಬಣ್ಣ ಅಂದೆ, ಕೆಂಪು ಹಂಚು ಅಂದೆ, ಹಂಸ ಅಂದೆ. ಮುಂದೆ ಕರಿನೀರಿನಲ್ಲಿ ಒಂದು ಖಾಲಿ ದೋಣಿ ಬಿಟ್ಟರೆ ಏನೂ ಇರಲಿಲ್ಲ.

ಊರಿಗೆ ಬಂದ ಮರುದಿನ ಬಿಸಿಲು ಅಂಗಳ ತುಂಬಿತ್ತು. ಪಕ್ಕದ ಮನೆಯ ಬಸಮ್ಮಕ್ಕ ಬಂದು ಏನೇನು ನೋಡಿದೆ ಎಂದು ಗಿರಿಜಾಳನ್ನು ಕೇಳಿದಳು.

“ಭಾಳ ಚಲೋ ಊರ ಐತಿ, ಅಕ್ಕಾ. ನೀರಾಗ ಹಂಸ ಸುದ್ದಾ ಇದ್ದುವು,” ಎಂದ ಗಿರಿಜಾ ಅಡಿಗೆಮನೆಯಲ್ಲಿದ್ದ ನನ್ನನ್ನು ಕೂಗಿ ಕೇಳಿದಳು. “ಎಷ್ಟಿದ್ದುವ್ರೀ ಹಂಸ?”

ನಾನು ಗೋಡೆಯ ಕಡೆ ತಿರುಗಿ ಎಣಿಸಿ, ಐದು ಎಂದೆ.