ಕಾಯಿಲೆಯಲ್ಲ, ಬೀಡಿ

“ಅಕ್ಕ, ಅದನ್ನು ಅಳಿಸಿ. ನನಗೆ ಕಾಯಿಲೆ ಇರ್ಲಿಲ್ಲ, ನಾನು ಬೀಡಿ ಕಟ್ತಾ ಇದ್ದದ್ದು.”

ಬೆಳ್ತಂಗಡಿ ಬಸ್ ನಿಲ್ದಾಣದ ಹತ್ತಿರದ ನನ್ನ ಸೈಬರ್ ಅಂಗಡಿಯಲ್ಲಿ ಕಕ್ಕಿಂಜೆಯ ಸಫಿಯಾ ಹೀಗೆಂದಾಗ ನನ್ನ ಕೈ ಕೀಬೋರ್ಡಿನ ಮೇಲೆಯೇ ನಿಂತಿತು. ವಿದೇಶದಲ್ಲಿ ಎಂ.ಎಸ್ಸಿ. ಓದಲು ಸರ್ಕಾರ ಕೊಡುವ ವಿದ್ಯಾರ್ಥಿವೇತನಕ್ಕೆ ಅವಳ ಅರ್ಜಿ ತುಂಬುತ್ತಿದ್ದೆ. ಪಿಯುಸಿ ಮುಗಿದ ಮೇಲೆ ಎರಡು ವರ್ಷ ಓದು ನಿಂತದ್ದಕ್ಕೆ ಅರ್ಜಿಯಲ್ಲಿ ಕಾರಣ ಕೇಳಿದ್ದರು. ಅವಳನ್ನು ಕೇಳದೆಯೇ ‘ಅನಾರೋಗ್ಯ’ ಎಂದು ಟೈಪ್ ಮಾಡಿದ್ದೆ. ಓದು ನಡುವೆ ನಿಂತವರಿಗೆಲ್ಲ ನಾನು ಹಾಗೆಯೇ ಬರೆಯುವುದು.

“ಬೀಡಿ ಅಂತ ಬರೆದ್ರೆ ಆಫೀಸಿನವರು ಏನು ತಿಳ್ಕೊಂಡಾರು ಮಾರಾಯ್ತಿ?” ಎಂದೆ.

ಅವಳು ತನ್ನ ಬೀಡಿ ಕಾರ್ಮಿಕರ ಗುರುತಿನ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟಳು. “ಇದನ್ನೂ ಸ್ಕ್ಯಾನ್ ಮಾಡಿ ಹಾಕಿ. ಸಿಗದಿದ್ರೆ ಬರುವ ವರ್ಷ ಪುನಃ ಅರ್ಜಿ ಹಾಕ್ತೇನೆ. ಆಗಲೂ ಇದನ್ನೇ ಬರೀತೇನೆ.”

ಹಾಗೆಯೇ ಕಳುಹಿಸಿದೆವು. ಉತ್ತರ ಇನ್ನೂ ಬಂದಿಲ್ಲ. ಡಿಗ್ರಿ ಯಾಕೆ ಅರ್ಧಕ್ಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಇಷ್ಟು ವರ್ಷ ನಾನು ಟೈಫಾಯ್ಡ್ ಬಂದಿತ್ತು ಎನ್ನುತ್ತಿದ್ದೆ. ನನಗೆ ಯಾವ ಟೈಫಾಯ್ಡೂ ಬಂದಿರಲಿಲ್ಲ. ನಾನೂ ಬೀಡಿ ಕಟ್ಟುತ್ತಿದ್ದೆ. ಈಗ ಇದನ್ನು ಪತ್ರಿಕೆಗೇ ಬರೆದು ಕಳುಹಿಸುತ್ತಿದ್ದೇನೆ, ಊರೆಲ್ಲ ಓದಲಿ.