ನಲ್ಲಿಯ ಕೆಳಗಿನ ಕಲ್ಲು

ಮೊನ್ನೆ ರಾತ್ರಿ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಅರ್ಧ ನಿಂಬೆಹಣ್ಣನ್ನು ಕವುಚಿಟ್ಟು ಮರೆತಿದ್ದೆವು. ಬೆಳಿಗ್ಗೆ ಎತ್ತಿದರೆ ಕಪ್ಪು ಕಡಪಾ ಕಲ್ಲಿನ ಮೇಲೆ ಮಾಸಲು ಬಿಳಿಯ ಉಂಗುರವೊಂದು ಉಳಿದಿತ್ತು. ಎಷ್ಟು ಒರೆಸಿದರೂ ಹೋಗಲಿಲ್ಲ. ಬಟ್ಟೆ ಹಿಡಿದು ನಿಂತವನಿಗೆ ನಾವು ಹಿಂದೆ ಇದ್ದ ಚಾಮರಾಜಪೇಟೆಯ ವಠಾರ ನೆನಪಾಯಿತು, ಎದುರುಮನೆಯ ಟೀಚರ್ ನೆನಪಾದರು...

ವಠಾರದಲ್ಲಿ ಎಲ್ಲ ಮನೆಗಳಿಗೂ ಒಂದೇ ನಲ್ಲಿ. ಅದರ ಕೆಳಗೆ ಅಗಲವಾದ ಕಡಪಾ ಚಪ್ಪಡಿ ಹಾಸಿತ್ತು. ಚಪ್ಪಡಿಯ ಮೇಲೆ, ಅಡ್ಡ ಕೊಯ್ದ ಈರುಳ್ಳಿಯ ಹಾಗೆ, ಒಂದರೊಳಗೊಂದು ಉಂಗುರಗಳು. ನಾವೆಲ್ಲ ದಿನವೂ ಅಲ್ಲಿ ನೀರು ಹಿಡಿದವರೇ, ಆದರೆ ಆ ಉಂಗುರಗಳನ್ನು ನಿಂತು ನೋಡಿದವರು ಟೀಚರ್ ಒಬ್ಬರೇ. ಹತ್ತಿರದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದರು. ಭೂಮಿಯ ಮೇಲೆ ಕಣ್ಣು, ಕಾಲು, ಎಲೆ ಯಾವುದೂ ಇಲ್ಲದ ಕಾಲದಲ್ಲಿ ಆಳವಿಲ್ಲದ ಸಮುದ್ರಗಳಲ್ಲಿ ಲೋಳೆಯಂಥ ಸೂಕ್ಷ್ಮಜೀವಿಗಳಿದ್ದವಂತೆ. ಅವು ಬಿಸಿಲಿಗಾಗಿ ಮೇಲೆ ಮೇಲೆ ಬೆಳೆಯುತ್ತ, ಕೆಸರನ್ನು ಹಿಡಿದಿಟ್ಟು, ಪದರದ ಮೇಲೆ ಪದರ ಕಟ್ಟಿದವಂತೆ. ಕಾಲಾಂತರದಲ್ಲಿ ಆ ಪದರಗಳೇ ಕಲ್ಲಾದವು. ನಮ್ಮ ನಲ್ಲಿಯ ಕೆಳಗಿರುವುದು ಅದೇ, ನಾವೆಲ್ಲ ಬಂದದ್ದೂ ಅಂಥ ಜೀವಿಗಳಿಂದಲೇ ಎಂದು ಟೀಚರ್ ಹೇಳುತ್ತಿದ್ದರು.

ವಠಾರದ ಒಡತಿ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡೇ ನಕ್ಕಿದ್ದರು. "ಏನ್ ಟೀಚರ್, ನೀರು ಹಿಡಿಯೋ ಕಲ್ಲೂ ನಮ್ಮ ನೆಂಟರಾ?"

"ಹೌದ್ರೀ. ನಿಮ್ಮ ಕಡೆಯಿಂದ್ಲೂ, ನಮ್ಮ ಕಡೆಯಿಂದ್ಲೂ."

ಪ್ರತಿ ವರ್ಷ ಟೀಚರ್ ತಮ್ಮ ಕ್ಲಾಸಿನ ಮಕ್ಕಳನ್ನು ಸಾಲಾಗಿ ಕರೆತಂದು ಕಲ್ಲನ್ನು ಮುಟ್ಟಿಸುತ್ತಿದ್ದರು. ಆ ಜೀವಿಗಳಿಂದ ಮೀನು, ಮೀನಿನಿಂದ ಕಪ್ಪೆ, ಕೊನೆಗೆ ನಾವು ಎಂದು ಅವಸರದಲ್ಲಿ ಹೇಳಿಬಿಟ್ಟು, ಆಮೇಲೆ "ಅಷ್ಟು ಸಲೀಸಲ್ಲ ಕಣ್ರೋ, ಮಧ್ಯೆ ಸತ್ತು ಹೋದೋರೇ ಜಾಸ್ತಿ" ಎನ್ನುತ್ತಿದ್ದರು. ಬರಬರುತ್ತ ಕಲ್ಲಿನ ಮೇಲೆ ವಠಾರಕ್ಕೇ ಅಭಿಮಾನ ಹುಟ್ಟಿತು. ಬಂದ ನೆಂಟರಿಗೆ ತೋರಿಸುವುದು ಶುರುವಾಯಿತು. ಒಂದು ಶುಕ್ರವಾರ ಒಡತಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟರು. ಟೀಚರ್‌ಗೆ ಅದು ಹಿಡಿಸಲಿಲ್ಲ. "ಪೂಜೆ ಬೇಡ್ರೀ. ಬೇಕಾದ್ರೆ ಅನುಮಾನ ಪಡಿ" ಎಂದರು.

ನಾನಾಗ ಬಿಎಸ್‌ಸಿ ಓದುತ್ತಿದ್ದೆ. ಅನುಮಾನ ಪಡುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. "ಟೀಚರ್, ಒಳಗೂ ಹೀಗೇ ಇದೆಯಾ?" ಎಂದು ಕೇಳಿದೆ. ಅವರು ಬಹಳ ಹೊತ್ತು ಬಗ್ಗಿ ಕಲ್ಲನ್ನು ನೋಡಿದರು... ಇಲ್ಲ, ಬಹಳ ಹೊತ್ತೇನಲ್ಲ, ಬಿಂದಿಗೆ ತುಂಬುವಷ್ಟು ಹೊತ್ತು ಇರಬಹುದು.

"ನಾನೇ ಕೇಳ್ಕೋಬೇಕಾಗಿತ್ತು," ಎಂದರು. "ಜೀವಿಗಳು ಕಟ್ಟಿದ್ದಾದ್ರೆ ಒಳಗೂ ಕಮಾನಿನ ಥರ ಪದರ ಇರ್ಬೇಕು. ಕೊಯ್ದು ನೋಡೋಣ."

ಆ ವಾರ ಚರಂಡಿ ಸರಿಮಾಡಲು ಬಂದವರ ಬಳಿ ಕಲ್ಲು ಕೊಯ್ಯುವ ಯಂತ್ರವಿತ್ತು. ಒಡತಿಗೆ ಮನಸ್ಸಿರಲಿಲ್ಲ. "ಯಾಕ್ ಟೀಚರ್ ಸುಮ್ನೆ? ಎಲ್ರೂ ನಂಬಿದ್ದಾರಲ್ಲ!" ಎಂದರು. ಅವರ ಮಾತು ನಿಜವಾಗಿತ್ತು. ಕೊಯ್ಯದಿದ್ದರೆ ಟೀಚರ್ ಹೇಳಿದ್ದು ಹಾಗೇ ಉಳಿಯುತ್ತಿತ್ತು. ಕೊಯ್ದರೆ ಅಷ್ಟು ವರ್ಷ ಮಕ್ಕಳಿಗೆ ಕಲಿಸಿದ್ದು ಎಲ್ಲರ ಕಣ್ಣೆದುರಿಗೇ ಸುಳ್ಳಾಗಬಹುದಿತ್ತು.

"ಕೊಯ್ಯಪ್ಪ," ಎಂದರು ಟೀಚರ್.

ಯಂತ್ರ ನಿಂತು ಧೂಳು ಇಳಿದಾಗ, ಕೊಯ್ದ ಅಂಚಿನಲ್ಲಿ ಬರೀ ಕಪ್ಪು ಕಲ್ಲು. ಪದರವಿಲ್ಲ, ಕಮಾನಿಲ್ಲ. ಟೀಚರ್ ಕೂತು ಎರಡೂ ತುಂಡುಗಳನ್ನು ಜೋಡಿಸಿದರು, ಮತ್ತೆ ಉಂಗುರಗಳನ್ನು ನೋಡಿದರು. ಆಮೇಲೆ ತಲೆಯೆತ್ತಿದರು. ಉಂಗುರಗಳ ನಡುಮಧ್ಯಕ್ಕೆ ಸರಿಯಾಗಿ, ಮೇಲೆ, ನಲ್ಲಿ.

ಪಕ್ಕದಲ್ಲಿದ್ದ ಒಡತಿಯ ಹಿತ್ತಾಳೆ ಬಿಂದಿಗೆಯನ್ನು ಎತ್ತಿ ಕಲ್ಲಿನ ಮೇಲಿಟ್ಟರು. ಒಂದು ಉಂಗುರಕ್ಕೆ ಅದರ ತಳ ಅಳತೆ ತೆಗೆದಂತೆ ಕೂತಿತು. ಮನೆಮನೆಯ ಹೆಂಗಸರು ತಲೆಮಾರುಗಳಿಂದ ಹುಣಸೆಹಣ್ಣು ಹಾಕಿ ಪಾತ್ರೆ ಉಜ್ಜಿ ಅಲ್ಲೇ ಇಟ್ಟಿದ್ದರು. ದೊಡ್ಡ ಬಿಂದಿಗೆಗೆ ದೊಡ್ಡ ಉಂಗುರ, ತಂಬಿಗೆಗೆ ಸಣ್ಣದು. ತಳದ ಸುತ್ತ ನಿಂತ ಹುಳಿನೀರು ಕಲ್ಲನ್ನು ತಿಂದಿತ್ತು.

ಮೊದಲು ನಕ್ಕಿದ್ದು ಟೀಚರೇ. "ಜೀವದ ಗುರುತೇ ಕಣ್ರೀ ಇದು! ನಿಮ್ಮತ್ತೆಯವರದ್ದು!"

ಮರುದಿನ ಅವರು ಒಂದು ತುಂಡನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ಒಂದು ಕಡೆ ವಾಲುತ್ತ ಸ್ಕೂಲಿಗೆ ನಡೆದದ್ದನ್ನು ನಾನು ನೋಡಿದೆ. ಕ್ಲಾಸಿನಲ್ಲಿ ನಡೆದದ್ದನ್ನು, ಅಲ್ಲೇ ಓದುತ್ತಿದ್ದ ನನ್ನ ತಂಗಿ ಸಂಜೆ ಹೇಳಿದಳು. ಕಲ್ಲನ್ನು ಮೇಜಿನ ಮೇಲಿಟ್ಟು, "ನಾನು ನಿಮಗೆ ತಪ್ಪು ಹೇಳಿದೀನಿ. ಅಂಥ ಕಲ್ಲುಗಳು ಬೇರೆ ಕಡೆ ನಿಜವಾಗಿ ಇವೆ, ಇದು ಅದಲ್ಲ. ನಿಮ್ಮ ಅಕ್ಕಂದಿರು, ಅಣ್ಣಂದಿರು ನನ್ನ ಹತ್ರ ಓದಿದ್ರೆ ಅವರಿಗೂ ಹೋಗಿ ಹೇಳಿ" ಎಂದರಂತೆ. ಆಮೇಲೆ ನಾನು ದೊಡ್ಡ ದೊಡ್ಡ ವಿದ್ವಾಂಸರ ಮುಂದೆ ಕೂತಿದ್ದೇನೆ. ತಮ್ಮ ಕಲ್ಲನ್ನು ತಾವೇ ಕೊಯ್ಯಿಸಿದವರು ಅವರಲ್ಲಿ ವಿರಳ. ನಮ್ಮ ವಠಾರದಲ್ಲಿ ಅಂಥವರೊಬ್ಬರಿದ್ದರು ಎಂದು ನಾನು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇನೆ.

ಇದನ್ನು ಬರೆಯುವ ಮುನ್ನ ತಂಗಿಗೆ ಫೋನ್ ಮಾಡಿದೆ. "ಹಿತ್ತಾಳೆ ಎಲ್ಲಿಯದೋ, ತಾಮ್ರದ ಕೊಡ ಅದು," ಎಂದಳು. "ಒಳಗೂ ಹೀಗೇ ಇದೆಯಾ ಅಂತ ಕೇಳಿದ್ದು ನೀನಲ್ಲ, ನಾನು!" ಇರಬಹುದು... ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ವಠಾರ ಈಗಿಲ್ಲ, ಕಲ್ಲಿನ ತುಂಡುಗಳು ಎಲ್ಲಿ ಹೋದವೋ ತಿಳಿಯದು. ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಂಡು, ಯಾರದು ಸರಿ ಎಂದು ನೋಡೋಣ ಬನ್ನಿ ಎನ್ನಬಹುದಾಗಿದ್ದ ಟೀಚರ್ ತೀರಿಹೋಗಿದ್ದಾರೆ.

ಅಡುಗೆಮನೆಯ ಉಂಗುರ ಹಾಗೇ ಇದೆ. ಪಾಲಿಶ್ ಹಾಕಿಸಿದರೆ ಹೋಗುತ್ತದಂತೆ. ಬೇಡವೆಂದಿದ್ದೇನೆ.